ಖಾಲಿ ಇದ್ದರೆ ಮಾತ್ರ

ಕ್ಲಾಕ್ಸ್‌ವೀಕ್ ಬಂದರಿನ ತೂಕದ ಕಚೇರಿ.
ಬೆಳಗಿನ ಮೂರೂವರೆ. ಜೂನ್ ತಿಂಗಳು,
ರಾತ್ರಿ ಎಂಬುದು ಬಂದೇ ಇಲ್ಲ;
ಬಂದಿದ್ದು ಮಂಜು, ಮಂಜಿನೊಳಗೆ ಮೀನಿನ ವಾಸನೆ,
ವಾಸನೆಯೊಳಗೆ ಡೀಸೆಲ್ಲು.
ದೋಣಿಗಳು ಐದಕ್ಕೆ ಬರುತ್ತವೆ.
ಅಷ್ಟರಲ್ಲಿ ಹಳೆಯ ತಕ್ಕಡಿ ಪ್ಯಾಕೇಜನ್ನು
ಈ ಯಂತ್ರದಿಂದ ಇಳಿಸಬೇಕು ನಾನು.

ಬೇರುಸಮೇತ ಕಿತ್ತುಬಿಡು ಮಾರ್ಯುನ್, ಅಂದಿದ್ದ ಏಯ್ದುನ್.
ಅವನಿಗೆ ಇಪ್ಪತ್ತಮೂರು.
ಹೋದ ವರ್ಷ ಅವನೇ
ಭರತ ಇಳಿತದ ಪಟ್ಟಿ ತೋರಿಸುವ ಚಿಕ್ಕದೊಂದನ್ನು ತೆಗೆಯಲು ಹೋಗಿ
ಅದು ಕೂತಿದ್ದ ಫೋಲ್ಡರನ್ನೇ ಗುಡಿಸಿ ಒರೆಸಿದ್ದ.
ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ.
ಅದೇ ಫೋಲ್ಡರಿನಲ್ಲಿ ಮಂಜುಗಡ್ಡೆಯ ಲೆಕ್ಕವಿತ್ತು,
ಅಲ್ಲೇ ಹರಾಜು ಚೀಟಿಯ ಅಕ್ಷರಗಳೂ ಇದ್ದವು.
ಆ ದಿನ ಮೀನಿನ ಹೆಸರಿರಬೇಕಾದಲ್ಲೆಲ್ಲ
ಬರೀ ಚೌಕ, ಚೌಕ, ಚೌಕ.
ಮುದುಕ ಯೋಗ್ವಾನ್ ನಗಲಿಲ್ಲ:
"ಆ ಮೂರನೆಯ ಚೌಕ ತಾಜಾ ಇದೆಯೇನಮ್ಮ?"

ನಾನು ಚಿಕ್ಕವಳಿದ್ದಾಗ ನಮ್ಮ ದಡದಲ್ಲಿ
ಮೂರು ಮನೆಯವರಿಗೆ ಒಂದೇ ದೋಣಿಕೊಟ್ಟಿಗೆ.
ಒಂದೊಂದು ಮನೆಗೆ ಒಂದೊಂದು ಸಾಲು ಮೊಳೆ.
ದೋಣಿ ಮಾರಿದ ವರ್ಷ ಪಕ್ಕದ ಮನೆಯ ಸನ್ನಾ
ಹುಟ್ಟು ಒಯ್ದಳು, ಹಗ್ಗ ಒಯ್ದಳು,
ಕೊನೆಗೆ ಮೊಳೆಗಳನ್ನೂ ಕಿತ್ತು, ಬಗ್ಗಿದವನ್ನು ನೆಟ್ಟಗೆ ಮಾಡಿ,
ಉದ್ದಂಗಿಯ ಜೇಬಿಗೆ ಹಾಕಿಕೊಂಡಳು.
ಜಿಪುಣಿ, ಎಂದರು ಊರವರು.
ಆದರೆ ಬಾಗಿಲು ಕಿತ್ತುಕೊಂಡು ಹೋಗಲಿಲ್ಲ.
ಹೋಗುವಾಗ ಅಗುಳಿ ಹಾಕಿಯೇ ಹೋದಳು.

ಹಾಗಾಗಿ ನನ್ನ ಕೆಲಸ ನಿಧಾನ.
ಪಟ್ಟಿ ಹಿಡಿದು ಹೆಸರು ಕೂಗಿ ಕೂಗಿ ತೆಗೆಯುವುದು.
ನಾನೂರ ಹನ್ನೆರಡು ಫೈಲು:
ಇದು ನಮ್ಮದು, ಹೋಗು. ಇದೂ ನಮ್ಮದು, ಹೋಗು.
ಇದನ್ನು ಯಾರೋ ಕೈಯಾರೆ ತಿದ್ದಿದ್ದಾರೆ,
ನೀನು ಸ್ವಲ್ಪ ಪಕ್ಕಕ್ಕೆ ನಿಲ್ಲು.
ಪಟ್ಟಿ ಮುಗಿದ ಮೇಲೆ ಕೊನೆಯ ಆಜ್ಞೆ,
ಇರುವುದರಲ್ಲೆಲ್ಲ ಅತ್ಯಂತ ಸಂಭಾವಿತ ಆಜ್ಞೆ:
ಖಾಲಿ ಇದ್ದರೆ ಮಾತ್ರ ಈ ಫೋಲ್ಡರನ್ನು ತೆಗೆ.

ಖಾಲಿ ಇಲ್ಲ, ಅಂದಿತು ಯಂತ್ರ.

ನೋಡಿದೆ. ಏನೂ ಇಲ್ಲ.
ಕನ್ನಡಕ ಒರೆಸಿಕೊಂಡು ನೋಡಿದೆ. ಏನೂ ಇಲ್ಲ.
ಖಾಲಿ ಇಲ್ಲ, ಅಂದಿತು ಮತ್ತೆ, ಅದೇ ದನಿಯಲ್ಲಿ,
ದನಿಯೇ ಇಲ್ಲದ ಅದೇ ದನಿಯಲ್ಲಿ.

ಅಡಗಿದ್ದನ್ನೂ ತೋರಿಸು ಎಂದೆ.
ಒಂದು ಚುಕ್ಕಿ. ಚುಕ್ಕಿಯ ಬೆನ್ನಿಗೆ
ನಮ್ಮ ಭಾಷೆಯಲ್ಲಿ ಒಂದು ಪದ: ಇರಲಿ.
ಗಾತ್ರ ಸೊನ್ನೆ. ವಯಸ್ಸು ಹದಿನಾಲ್ಕು ವರ್ಷ.
ಒಡೆಯನ ಹೆಸರಿರಬೇಕಾದ ಜಾಗದಲ್ಲಿ
ಸಾವಿರದ ಏಳು, ಅಷ್ಟೆ. ಹೆಸರು ಹೋಗಿ
ಅಂಕೆ ಉಳಿದಿದೆ.

ಸಾವಿರದ ಏಳು ಅಂದರೆ ಹಾನುಸ್.
ಕಾಫಿಯನ್ನು ಡಾಂಬರಿನಂತೆ ಕುದಿಸುತ್ತಿದ್ದ,
ಪ್ರತಿ ಕಡತಕ್ಕೂ ಟಿಪ್ಪಣಿ ಬರೆ ಎಂದು ನಮ್ಮನ್ನು ಬೈಯುತ್ತಿದ್ದ,
ತಾನು ಮಾತ್ರ ಬರೆಯುತ್ತಿರಲಿಲ್ಲ.
ಮಗಳಿದ್ದ ಎಸ್ಬಿಯರ್ಗ್‌ಗೆ ಹೊರಟ ದಿನ
ಕೇಕಿನ ತಟ್ಟೆ ತೊಳೆಯುವ ಮೊದಲೇ
ಅವನ ಖಾತೆ ಅಳಿಸಿದ್ದೆವು. ನಿಯಮ.
ಅಳಿಸಿದವಳು ನಾನು.

ಯಾಕಿಟ್ಟ ಇದನ್ನು? ಯಾರಿಗಾಗಿ?
ಭಾನುವಾರ ನಡುರಾತ್ರಿ ಯಾವುದೋ ಇನ್ನೊಂದು ಪ್ಯಾಕೇಜು
ಬಂದು ಇಲ್ಲೇನಾದರೂ ಇಳಿಸಿ, ಎತ್ತಿಕೊಂಡು ಹೋಗುತ್ತದೋ?
ಇಲ್ಲ, ಅದೂ ಎಂದೋ ಹೋಗಿಯಾಗಿದೆಯೋ?
ಬಲವಂತದ ಆಜ್ಞೆಯೂ ಗೊತ್ತು ನನಗೆ. ಎರಡೇ ಅಕ್ಷರ ಹೆಚ್ಚು.
ಬೆರಳು ಅಲ್ಲೇ ಇತ್ತು.
ಹೊರಗೆ ಮೊದಲ ದೋಣಿಯ ಕೊಂಬು.

ಟಿಪ್ಪಣಿ ಬರೆದೆ: ಫೋಲ್ಡರು ಉಳಿದಿದೆ. ಖಾಲಿ ಇಲ್ಲ.
ಕೆಳಗೆ ನನ್ನ ಹೆಸರು, ಪೂರ್ತಿ ಹೆಸರು.

ಏಯ್ದುನ್ ಬಂದ, ಕಂಕುಳಲ್ಲಿ ಬಿಸಿ ಬ್ರೆಡ್ಡು.
"ಎಲ್ಲಾ ಹೋಯಿತೇ?"
"ನಮ್ಮದೆಲ್ಲ ಹೋಯಿತು."

ಹೊಸ ತಕ್ಕಡಿ ಹಸಿರು ಕಣ್ಣು ಬಿಟ್ಟಿತು.
ಮೊದಲು ಖಾಲಿ ಪೆಟ್ಟಿಗೆ ಇಡಿ, ಎಂದಿತು.
ಇಟ್ಟೆ.
ಮೂರು ಕಿಲೋ ಇನ್ನೂರು ಗ್ರಾಂ.